ಹಾಸನ–ಚಿಕ್ಕಮಗಳೂರು ಕ್ಷೇತ್ರಾಧ್ಯಯನ: ಎಂ.ಎಸ್ಸಿ. ಮಕ್ಕಳ ಖರ್ಚಿಗೆ ಹಣ ಹೇಗೆ ಹೊಂದಿಸುವುದು?

ಹೇಮಾವತಿ_ದಂಡೆ (ಪ್ರಶ್ನೆ)

ಹಾಸನದ ಸ್ನಾತಕೋತ್ತರ ವಿಭಾಗದ ವಿಚಾರ. ಭೂವಿಜ್ಞಾನ, ಪರಿಸರ ವಿಜ್ಞಾನ ಎರಡೂ ಸೇರಿ 28 ವಿದ್ಯಾರ್ಥಿಗಳು, ಇಬ್ಬರು ಅಧ್ಯಾಪಕರು, ಒಬ್ಬ ಲ್ಯಾಬ್ ಸಹಾಯಕ. ಒಟ್ಟು 31 ಜನ. ಡಿಸೆಂಬರ್‌ನಲ್ಲಿ ಆರು ದಿನ, ಐದು ರಾತ್ರಿಯ ಕ್ಷೇತ್ರಾಧ್ಯಯನ ಅಂದುಕೊಂಡಿದ್ದೇವೆ. ನುಗ್ಗೇಹಳ್ಳಿಯ ಹಳೆಯ ಶಿಲೆಗಳ ಪಟ್ಟಿ, ಹೊಳೆನರಸೀಪುರ, ಅಲ್ಲಿಂದ ಚಿಕ್ಕಮಗಳೂರಿಗೆ ಹೋಗಿ ಕರ್ತಿಕೆರೆ, ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ. ಪರಿಸರ ವಿಜ್ಞಾನದವರಿಗೆ ಬಾಳೆಹೊನ್ನೂರು ಕಡೆ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ) ನೀರಿನ ಮಾದರಿ ತೆಗೆಯುವ ಕೆಲಸವೂ ಇದೆ.

ಹಾಕಿರುವ ಅಂದಾಜು ಹೀಗಿದೆ: ಮಿನಿ ಬಸ್ 60,000, ವಸತಿ ತಲೆಗೆ ರಾತ್ರಿಗೆ 300ರಂತೆ 46,500, ಊಟ ತಲೆಗೆ ದಿನಕ್ಕೆ 350ರಂತೆ 65,100, ಜೀಪು ಮತ್ತು ಪ್ರವೇಶ ಶುಲ್ಕ 12,000, ವಿಮೆ ಮತ್ತು ಔಷಧಿ 4,000, ರಾಸಾಯನಿಕ ಮತ್ತು ಚೀಲ ಇತ್ಯಾದಿ 8,000. ಕೂಡಿದರೆ 1,95,600. ವಿಭಾಗದಿಂದ ಸಿಗುವುದು 40,000. ಉಳಿದದ್ದನ್ನು ಮಕ್ಕಳೇ ಹಾಕಿದರೆ ತಲೆಗೆ 5,500 ದಾಟುತ್ತದೆ. ಅರ್ಧದಷ್ಟು ಮಂದಿ ಬರುವುದಿಲ್ಲ ಅನ್ನುತ್ತಾರೆ. ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು? ಗೊತ್ತಿರುವವರು ತಿಳಿಸಿ.

ಲೆಕ್ಕದ_ಪುಸ್ತಕ

ಯಾರ ಹತ್ತಿರವಾದರೂ ಕೈ ಚಾಚುವ ಮೊದಲು ಅಂದಾಜನ್ನೇ ಒಂದು ಸಲ ಬಿಚ್ಚಿ ನೋಡಿ. ಇದರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಇಳಿಯುತ್ತದೆ.

ಮೊದಲು ಬಸ್. 60,000 ಹೇಗೆ ಬಂತು ಅನ್ನುವುದು ಸುಲಭ. ದಿನಕ್ಕೆ ಕನಿಷ್ಠ 250 ಕಿ.ಮೀ., ಆರು ದಿನಕ್ಕೆ 1,500 ಕಿ.ಮೀ., ಕಿ.ಮೀ.ಗೆ 40 ರೂಪಾಯಿ. ಆದರೆ ನಿಮ್ಮ ದಾರಿಯನ್ನು ಕೂಡಿಸಿದರೆ ಆರು ದಿನಕ್ಕೆ ಹೆಚ್ಚೆಂದರೆ 720 ಕಿ.ಮೀ. ಆಗುತ್ತದೆ. ಕ್ಷೇತ್ರಾಧ್ಯಯನದ ಬಸ್ಸು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಬಂಡೆ ಸಿಕ್ಕ ಕಡೆ ಎರಡು ಗಂಟೆ, ಕಾಲುವೆ ಕಂಡ ಕಡೆ ಒಂದು ಗಂಟೆ. ಕನಿಷ್ಠ ಕಿಲೋಮೀಟರ್ ಲೆಕ್ಕದ ಬಾಡಿಗೆ ಮದುವೆ ದಿಬ್ಬಣಕ್ಕೆ ಸರಿ, ಇದಕ್ಕಲ್ಲ. ಚಾಲಕರ ಭತ್ಯೆ ಸೇರಿ ದಿನಕ್ಕೆ ಇಂತಿಷ್ಟು, ಡೀಸೆಲ್ ಬೇರೆ ಎಂದು ಕೊಟೇಶನ್ ಕೇಳಿ. ದಿನಕ್ಕೆ 5,000 ಅಂದುಕೊಂಡರೂ 30,000. ಘಾಟಿ ರಸ್ತೆಯಲ್ಲಿ ಲೀಟರಿಗೆ 5 ಕಿ.ಮೀ. ಹಿಡಿದರೆ 144 ಲೀಟರ್, ಲೀಟರಿಗೆ 90ರಂತೆ ಸುಮಾರು 13,000. ಒಟ್ಟು 43,000. ಹೊರಡುವಾಗ ಮತ್ತು ಬಂದಮೇಲೆ ಮೀಟರ್‌ನ ಫೋಟೊ ತೆಗೆದು ಕಡತಕ್ಕೆ ಹಾಕಿ, ಡೀಸೆಲ್ ಬಿಲ್ಲಿನಲ್ಲಿ ಬಸ್ಸಿನ ಸಂಖ್ಯೆ ಬರೆಸಿಕೊಳ್ಳಿ. ಇಲ್ಲದಿದ್ದರೆ ಆಡಿಟ್‌ನವರು ಆ ಬಿಲ್ಲನ್ನು ಒಪ್ಪುವುದಿಲ್ಲ. ಕಡಿಮೆಗೆ ಸಿಕ್ಕಿತೆಂದು ಬಿಳಿ ಬೋರ್ಡಿನ ವಾಹನ ಹಿಡಿಯಬೇಡಿ. ಬಾಡಿಗೆಗೆ ಓಡಿಸಿದ್ದು ಗೊತ್ತಾದರೆ ಅಪಘಾತದ ವಿಮೆ ನಿಲ್ಲುವುದಿಲ್ಲ. ಪರ್ಮಿಟ್, ಎಫ್‌ಸಿ, ವಿಮೆ ಮೂರರ ನಕಲನ್ನೂ ಮೊದಲೇ ತೆಗೆದುಕೊಳ್ಳಿ.

ಎರಡನೆಯದು ರಾತ್ರಿಗಳು. ನುಗ್ಗೇಹಳ್ಳಿ, ಹೊಳೆನರಸೀಪುರ ಎರಡೂ ಹಾಸನದಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ. ಮಕ್ಕಳು ಹಾಸ್ಟೆಲ್‌ನಲ್ಲೇ ಮಲಗಲಿ, ಮೆಸ್‌ನಿಂದ ಬುತ್ತಿ ಕಟ್ಟಿಸಿ. ಆ ಎರಡು ದಿನದ ಊಟಕ್ಕೆ ಮತ್ತೆ ದುಡ್ಡು ಹಾಕುವ ಅಗತ್ಯವೇ ಇಲ್ಲ. ಶನಿವಾರ ಮತ್ತು ಸೋಮವಾರ ಹಾಸನದ ಕಡೆ, ಮಂಗಳವಾರ ಬೆಳಿಗ್ಗೆ ಚಿಕ್ಕಮಗಳೂರಿಗೆ ಹೊರಟು ಶುಕ್ರವಾರ ರಾತ್ರಿ ವಾಪಸ್. ಹೊರಗೆ ಮೂರೇ ರಾತ್ರಿ. ವಾರಾಂತ್ಯದಲ್ಲಿ ಬೆಂಗಳೂರಿನ ಕಾರುಗಳು ಬಂದು ತುಂಬುವ ಊರು ಅದು. ಶುಕ್ರವಾರ ಸಂಜೆಯಿಂದಾಚೆ 300 ರೂಪಾಯಿಗೆ ಹಾಸಿಗೆ ಸಿಗುತ್ತದೆ ಅನ್ನುವುದನ್ನೇ ಮರೆತುಬಿಡಿ.

ಈಗ ಮತ್ತೆ ಕೂಡಿಸಿ. ಬಸ್ 43,000, ಮೂರು ರಾತ್ರಿ ವಸತಿ 27,900, ನಾಲ್ಕು ದಿನ ಊಟ 43,400, ಉಳಿದ ಮೂರು ಬಾಬ್ತು ಹಾಗೇ 24,000. ಒಟ್ಟು 1,38,300. ವಿಭಾಗದ 40,000 ಕಳೆದರೆ ಕೇಳಬೇಕಾದದ್ದು ಒಂದೂವರೆ ಲಕ್ಷದಿಂದ 98,300ಕ್ಕೆ ಇಳಿಯಿತು.

ಕಡತ_ವಿಲೇವಾರಿ

ಮೇಲಿನವರ ಲೆಕ್ಕ ಹಿಡಿದೇ ಮುಂದುವರಿಸುತ್ತೇನೆ. ತಲೆಗೆ ಎಷ್ಟು ಅನ್ನುವುದನ್ನು 28ರಿಂದ ಭಾಗಿಸಬೇಡಿ, 31ರಿಂದ ಭಾಗಿಸಿ. ತಲೆಗೆ ಸುಮಾರು 4,460 ಬರುತ್ತದೆ. ಇದು ಯಾಕೆ ಮುಖ್ಯ ಅಂದರೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳ ಪಾಲನ್ನು ವಿಶ್ವವಿದ್ಯಾಲಯದ ಎಸ್‌ಸಿಎಸ್‌ಪಿ–ಟಿಎಸ್‌ಪಿ (ಪರಿಶಿಷ್ಟರ ಉಪಯೋಜನೆ) ಅನುದಾನದಿಂದ ಕೇಳಬಹುದು. ಆ ಹಣದಲ್ಲಿ ಅಧ್ಯಾಪಕರ ಖರ್ಚಿನ ಒಂದು ರೂಪಾಯಿಯೂ ಸೇರಬಾರದು. 28ರಿಂದ ಭಾಗಿಸಿದರೆ ಮೂವರು ಸಿಬ್ಬಂದಿಯ ಊಟ, ವಸತಿ ಆ ಮಕ್ಕಳ ಪಾಲಿನೊಳಗೆ ನುಸುಳುತ್ತದೆ. ಆಕ್ಷೇಪಣೆ ಬರುವುದು ಅಲ್ಲೇ. ಅದು ನ್ಯಾಯವಾದ ಆಕ್ಷೇಪಣೆ ಕೂಡ. ಆ ಹಣ ಆ ಮಕ್ಕಳದ್ದು.

ಉದಾಹರಣೆಗೆ 28ರಲ್ಲಿ ಅಂಥವರು 9 ಜನ ಇದ್ದಾರೆ ಅಂದುಕೊಳ್ಳಿ. 40,140 ಅಲ್ಲಿಂದ. ಮೂವರು ಸಿಬ್ಬಂದಿಯ 13,380 ಪ್ರಯಾಣ ಭತ್ಯೆಯ ಲೆಕ್ಕಶೀರ್ಷಿಕೆಯಿಂದ. ವಿಭಾಗದ 40,000 ಪೂರ್ತಿಯಾಗಿ ಉಳಿದ 19 ವಿದ್ಯಾರ್ಥಿಗಳಿಗೆ. ಆಗ ಉಳಿಯುವ ಕೊರತೆ 44,780 ಮಾತ್ರ. ಸಿಬ್ಬಂದಿ ಪ್ರವಾಸದ ಊಟವನ್ನೇ ಉಂಡು ದಿನಭತ್ಯೆಯನ್ನೂ ಪೂರ್ತಿ ಬರೆದುಕೊಂಡರೆ ಒಂದೇ ಖರ್ಚಿಗೆ ಎರಡು ಸಲ ಹಣ ತೆಗೆದಂತೆ. ಆ ವಿಚಾರ ಟಿಪ್ಪಣಿಯಲ್ಲೇ ಸ್ಪಷ್ಟವಾಗಲಿ.

ಈ ಅನುದಾನ ಯಾಕೆ ವಾಪಸ್ ಹೋಗುತ್ತದೆ ಗೊತ್ತೇ? ಕೇಳುವವರು ಫೆಬ್ರವರಿಯಲ್ಲಿ ಕೇಳುತ್ತಾರೆ. ಕ್ರಿಯಾಯೋಜನೆ ಅಷ್ಟರಲ್ಲಿ ಮುಗಿದಿರುತ್ತದೆ. ಈ ಅನುದಾನ ನೋಡಿಕೊಳ್ಳುವ ವಿಶ್ವವಿದ್ಯಾಲಯದ ಘಟಕದ ವಿಶೇಷಾಧಿಕಾರಿಗೆ ಈಗಲೇ ಪತ್ರ ಹೋಗಲಿ. ಜೊತೆಗೆ ಹೆಸರು, ನೋಂದಣಿ ಸಂಖ್ಯೆ, ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಇರುವ ಪಟ್ಟಿ. ಆ ಪಟ್ಟಿ ಮುಚ್ಚಿದ ಕವರಿನಲ್ಲಿ ಹೋಗಬೇಕೇ ಹೊರತು ತರಗತಿಯ ವಾಟ್ಸಾಪ್ ಗುಂಪಿಗಲ್ಲ. ಯಾರದ್ದು ಯಾವ ಲೆಕ್ಕದಿಂದ ಬಂತು ಅನ್ನುವುದು ಬಸ್ಸಿನಲ್ಲಿ ಯಾರಿಗೂ ಗೊತ್ತಾಗಕೂಡದು. ಎಲ್ಲರಿಗೂ ಒಂದೇ ಊಟ, ಒಂದೇ ಕೋಣೆ, ಬಿಲ್ಲು ಮಾತ್ರ ಬೇರೆ ಬೇರೆ. ಹೋಟೆಲಿನವರಿಗೆ ಮೊದಲ ದಿನವೇ ಹೇಳಿದರೆ ಎರಡು ಬಿಲ್ಲು ಹಾಕಿ ಕೊಡುತ್ತಾರೆ. ಕೊನೆಯ ದಿನ ಹೇಳಿದರೆ ಆಗುವುದಿಲ್ಲ.

ಇನ್ನೊಂದು ಮಾತು. ಪತ್ರದಲ್ಲಿ "ಶೈಕ್ಷಣಿಕ ಪ್ರವಾಸ" ಎಂದು ಬರೆಯಬೇಡಿ. ಪಠ್ಯಕ್ರಮದಲ್ಲಿ ಕ್ಷೇತ್ರಕಾರ್ಯಕ್ಕೆ ಕೋರ್ಸ್ ಸಂಕೇತ, ಕ್ರೆಡಿಟ್, ಅಂಕ ಇರುತ್ತದಲ್ಲ, ಅದನ್ನೇ ವಿಷಯದ ಸಾಲಿನಲ್ಲಿ ಹಾಕಿ. ಪ್ರವಾಸ ಅಂದರೆ ಐಚ್ಛಿಕ, ಹಣ ಇಲ್ಲದಿದ್ದರೆ ಬಿಡಬಹುದು. ಅಂಕ ಇರುವ ಕ್ಷೇತ್ರಕಾರ್ಯವನ್ನು ಬಿಡಲಿಕ್ಕಾಗದು. ಒಂದೇ ಒಂದು ಪದಕ್ಕೆ ಕಡತ ತಿಂಗಳುಗಟ್ಟಲೆ ಮೇಜಿನ ಮೇಲೆ ಮಲಗುವುದುಂಟು.

ಬಳಪದ_ಕಲ್ಲು

ದುಡ್ಡಿನ ಮಾತು ಸರಿ. ದಾರಿ ಮತ್ತು ದಿನಾಂಕ ತಪ್ಪಿದರೆ ಹೊಂದಿಸಿದ ದುಡ್ಡೂ ನೀರಿನಲ್ಲಿ ಹೋಮ ಮಾಡಿದ ಹಾಗೆ. ಡಿಸೆಂಬರ್ ಬೇಡ. ದತ್ತ ಜಯಂತಿ ಮಾರ್ಗಶಿರ ಹುಣ್ಣಿಮೆಗೆ ಬರುತ್ತದೆ. ಆ ಸುತ್ತಿನಲ್ಲಿ ಬಾಬಾಬುಡನ್ ಗಿರಿಯ ಕಡೆ ಪ್ರವಾಸಿಗರಿಗೆ ನಿರ್ಬಂಧ ಹಾಕುತ್ತಾರೆ, ಊರಲ್ಲಿ ಕೋಣೆಯೂ ಸಿಗುವುದಿಲ್ಲ. ಫೆಬ್ರವರಿ ದಾಟಿದರೆ ಕಾಳ್ಗಿಚ್ಚಿನ ಕಾಲ, ಕಾಡಿನ ಹಾದಿಗಳು ಮುಚ್ಚುತ್ತವೆ. ಸಂಕ್ರಾಂತಿ ಕಳೆದ ಮೇಲಿನ ವಾರ ಹಿಡಿಯಿರಿ, ಗಣರಾಜ್ಯೋತ್ಸವದ ರಜೆಯ ಗದ್ದಲಕ್ಕೆ ಮೊದಲು. ಹುಲ್ಲು ಒಣಗಿರುತ್ತದೆ, ಬಂಡೆ ಕಾಣುತ್ತದೆ.

ಮುಳ್ಳಯ್ಯನಗಿರಿಗೆ ಈಗ ವಾಹನಗಳಿಗೆ ಮುಂಚಿತವಾಗಿ ಆನ್‌ಲೈನ್ ಕಾಯ್ದಿರಿಸುವಿಕೆ ಇದೆ. ಕೈಮರದ ತಪಾಸಣಾ ಠಾಣೆಯಲ್ಲಿ ನಿಂತು "ನಾವು ವಿದ್ಯಾರ್ಥಿಗಳು" ಅಂದರೆ ನಡೆಯುವುದಿಲ್ಲ. ನಿಮ್ಮ ಮಿನಿ ಬಸ್ಸಿನಷ್ಟು ದೊಡ್ಡ ಗಾಡಿ ಮೇಲೆ ಹತ್ತುವುದಿಲ್ಲ, ಆ ಒಂದು ದಿನಕ್ಕೆ ಜೀಪು ಬೇಕೇ ಬೇಕು. ಆದ್ದರಿಂದ ನಿಮ್ಮ 12,000ದ ಬಾಬ್ತಿಗೆ ಕೈ ಹಾಕಬೇಡಿ. ಕೆಮ್ಮಣ್ಣುಗುಂಡಿಗೆ ಮೊಬೈಲ್ ನಕ್ಷೆ ಅತ್ತಿಗುಂಡಿ ಮೇಲಿನ ಹತ್ತಿರದ ದಾರಿ ತೋರಿಸುತ್ತದೆ. ಅದು ಜೀಪಿನ ದಾರಿ. ಬಸ್ಸು ಲಿಂಗದಹಳ್ಳಿ ಮೇಲೆಯೇ ಹೋಗಬೇಕು. ಇದು ಗೊತ್ತಿಲ್ಲದೆ ಹೊರಟರೆ ಅರ್ಧ ದಿನವೂ ಹೋಯಿತು, ಡೀಸೆಲ್ಲೂ ಹೋಯಿತು. ಕೆಮ್ಮಣ್ಣುಗುಂಡಿಯ ಅತಿಥಿಗೃಹಗಳು ತೋಟಗಾರಿಕೆ ಇಲಾಖೆಯವು. ವಿಭಾಗದ ಮುಖ್ಯಸ್ಥರ ಪತ್ರ ಕೊಟ್ಟು ವಾರದ ನಡುವಿನ ಒಂದು ರಾತ್ರಿ ಕೇಳಿ ನೋಡಿ.

ಅನುಮತಿಗಳು. ಭದ್ರಾ ಅಭಯಾರಣ್ಯ ಅಥವಾ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡುವುದಾದರೆ 1972ರ ವನ್ಯಜೀವಿ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅದು ಬೆಂಗಳೂರಿನ ಅರಣ್ಯ ಭವನದ ಕೆಲಸ, ಎರಡು ವಾರದಲ್ಲಿ ಆಗುವಂಥದ್ದಲ್ಲ. ಈ ಸಲ ಆ ಗಡಿಯ ಒಳಗೆ ಹೋಗದ ಹಾಗೆ ದಾರಿ ಮಾಡಿಕೊಳ್ಳುವುದೇ ಜಾಣತನ. ಕಾಯ್ದಿಟ್ಟ ಅರಣ್ಯದ ಅಂಚಿನಲ್ಲಿ ಓಡಾಡಲು ವಿಭಾಗೀಯ ಅರಣ್ಯಾಧಿಕಾರಿಗೆ ಬರೆಯಿರಿ. ಪತ್ರದಲ್ಲಿ "ಕೈಮಾದರಿ ಕಲ್ಲು ಸಂಗ್ರಹ" ಎಂಬ ಮಾತನ್ನು ಸೇರಿಸಿ, ಎಷ್ಟು ಕಿಲೋ ಎಂದೂ ಬರೆಯಿರಿ. ಬರೀ ಭೇಟಿಗೆ ಅನುಮತಿ ಪಡೆದು ಚೀಲದ ತುಂಬ ಕಲ್ಲು ಹೊತ್ತು ಬಂದರೆ ಠಾಣೆಯಲ್ಲಿ ಇಳಿಸುತ್ತಾರೆ. ನುಗ್ಗೇಹಳ್ಳಿ ಪಟ್ಟಿಯ ಬೈರಾಪುರದ ಕ್ರೋಮೈಟ್ (ಕ್ರೋಮಿಯಂ ಅದಿರು) ಗಣಿಗೆ ಹಿಂದಿನ ಮೈಸೂರು ಮಿನರಲ್ಸ್, ಈಗಿನ ಕರ್ನಾಟಕ ರಾಜ್ಯ ಖನಿಜ ನಿಗಮದಿಂದ ಪತ್ರ ಬೇಕು. ಅಲ್ಲಿ ಹೆಲ್ಮೆಟ್, ಗಟ್ಟಿ ಬೂಟು ಕಡ್ಡಾಯ. ಚಪ್ಪಲಿ ಹಾಕಿ ಬಂದವರು ಗೇಟಿನ ಹೊರಗೇ ಉಳಿಯುತ್ತಾರೆ.

ಕಲ್ಲಿನ ತೂಕವನ್ನೂ ಲೆಕ್ಕ ಹಾಕಿ. 28 ಜನ, ತಲೆಗೆ ಐದು ಮಾದರಿ, ಒಂದೊಂದು ಕಿಲೋ ಅಂದರೆ 140 ಕಿಲೋ. ನಾಲ್ವರ ತಂಡಕ್ಕೆ ಒಂದು ಕಟ್ಟು ಎಂದು ಮಾಡಿದರೆ ಏಳು ಕಟ್ಟು, 35 ಕಿಲೋದಲ್ಲಿ ಮುಗಿಯುತ್ತದೆ. ಸ್ತರದ ದಿಕ್ಕು, ಇಳಿಜಾರು ಅಳೆಯುವ ಬ್ರಂಟನ್ ದಿಕ್ಸೂಚಿಯೂ ತಂಡಕ್ಕೊಂದು ಸಾಕು.

ಅಂದಹಾಗೆ ಮುಳ್ಳಯ್ಯನಗಿರಿಯ ಮೇಲೆ ಆ ದಿಕ್ಸೂಚಿಯನ್ನು ನಂಬಬೇಡಿ. ಅಲ್ಲಿಯ ಪಟ್ಟೆ ಪಟ್ಟೆ ಕಬ್ಬಿಣದ ಶಿಲೆಯಲ್ಲಿ ಕಾಂತಗುಣದ ಮ್ಯಾಗ್ನೆಟೈಟ್ ಖನಿಜ ಇದೆ. ಬಂಡೆಯ ಮೇಲಿಟ್ಟರೆ ಸೂಜಿ ಒಂದು ಕಡೆ ವಾಲುತ್ತದೆ, ಎದೆಯೆತ್ತರಕ್ಕೆ ಎತ್ತಿದರೆ ಇನ್ನೊಂದು ಕಡೆ. ಮೊಬೈಲಿನ ದಿಕ್ಸೂಚಿಯದ್ದೂ ಅದೇ ಕಥೆ. ಸ್ತರದ ಜಾಡಿನ ಉದ್ದಕ್ಕೆ ಒಂದೇ ಎತ್ತರದಲ್ಲಿ, ಆದಷ್ಟು ದೂರ ದೂರದ ಎರಡು ಕಡೆ ಜಿಪಿಎಸ್ ಅಕ್ಷಾಂಶ ರೇಖಾಂಶ ಬರೆದುಕೊಂಡು, ನಕ್ಷೆಯ ಮೇಲೆ ಗೆರೆ ಎಳೆದು ದಿಕ್ಕು ತೆಗೆಯುವುದನ್ನು ಹೇಳಿಕೊಡಿ. ಇಳಿಜಾರಿನ ಕೋನಕ್ಕೆ ಕ್ಲೈನೋಮೀಟರ್ ಸಾಕು, ಅದಕ್ಕೆ ಕಾಂತದ ಕಾಟ ಇಲ್ಲ. ಸ್ಥಳನಕ್ಷೆಗಳ ಹಳೆಯ ಸಂಖ್ಯೆಯಲ್ಲಿ ಮುಳ್ಳಯ್ಯನಗಿರಿ 48 ಓ/11 ಹಾಳೆ, ಚಿಕ್ಕಮಗಳೂರು 48 ಓ/15. ಸರ್ವೆ ಆಫ್ ಇಂಡಿಯಾದ ಓಪನ್ ಸೀರೀಸ್ ಹಾಳೆಗಳಿಗೆ ಸಂಖ್ಯೆ ಬೇರೆ, ನೋಡಿ ಇಳಿಸಿಕೊಳ್ಳಿ. ಭೂವೈಜ್ಞಾನಿಕ ನಕ್ಷೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ (ಜಿಎಸ್‌ಐ) ಭೂಕೋಶ್ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ.

ಕರ್ತಿಕೆರೆಯ ಉಂಡೆಗಲ್ಲಿಗೆ ಮಾತ್ರ ಯಾರೂ ಸುತ್ತಿಗೆ ತಾಗಿಸಬಾರದು. ಗೋಲಿಯಷ್ಟು, ನಿಂಬೆಹಣ್ಣಿನಷ್ಟು ಬಿಳಿ ಕ್ವಾರ್ಟ್ಜ್ ಉಂಡೆಗಳು ಮರಳಿನ ನಡುವೆ ಹುದುಗಿ ಕಲ್ಲಾಗಿವೆ. 270 ಕೋಟಿ ವರ್ಷಕ್ಕೂ ಹಿಂದೆ ನೀರು ಉರುಳಿಸಿ ತಂದದ್ದು, ಬಾಬಾಬುಡನ್ ಶಿಲಾಸಮೂಹದ ತಳ. ಬೆರಳಿಂದ ಸವರಿದರೆ ಉಂಡೆಯ ದುಂಡು ಅಂಚು ಕೈಗೆ ಸಿಗುತ್ತದೆ. ಮೇಲೆ ಕಾಣುವುದು ಸಣ್ಣ ತುಣುಕು. ಪ್ರತಿ ವರ್ಷ ಒಂದೊಂದು ತಂಡ ಬಂದು ಒಡೆದರೆ ಮುಂದಿನವರಿಗೆ ಏನೂ ಉಳಿಯುವುದಿಲ್ಲ. ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಚಿತ್ರ ಬಿಡಿಸಿ.

ಹೇಮಾವತಿ_ದಂಡೆ

ತುಂಬಾ ಉಪಕಾರವಾಯಿತು. ಜನವರಿಗೆ ಬದಲಾಯಿಸುತ್ತೇವೆ. ಹಾಗಾದರೆ ಉಳಿದ ಸುಮಾರು 45,000ಕ್ಕೆ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೇಳಬಹುದೇ? ಜಿಲ್ಲಾ ಖನಿಜ ನಿಧಿ ಇದೆಯಲ್ಲ, ಅಲ್ಲಿ ಸಿಗುತ್ತದೆಯೇ? ವಿದೇಶಿ ಸಂಘಗಳ ಅನುದಾನದ ಬಗ್ಗೆಯೂ ಕೆಲವರು ಹೇಳುತ್ತಾರೆ.

ಶೋಲಾ_ಅಂಚು

ಖನಿಜ ನಿಧಿಯ ಬಾಗಿಲು ತಟ್ಟಿ ದಿನ ಕಳೆಯಬೇಡಿ. ಅದು ಗಣಿಗಾರಿಕೆಯಿಂದ ಬಾಧಿತವಾದ ಊರು, ಜನರಿಗೆ ಮೀಸಲಾದ ಹಣ.

ಸಿಎಸ್‌ಆರ್ ಸಾಧ್ಯ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಶಿಕ್ಷಣವೂ ಇದೆ, ಪರಿಸರವೂ ಇದೆ. ಆದರೆ ಹಳೆ ವಿದ್ಯಾರ್ಥಿ ಸಂಘದ ಖಾತೆಗೆ ಹಾಕಿ ಅಂದರೆ ಕಂಪನಿಯವರು ಸಿಎಸ್‌ಆರ್–1 ನೋಂದಣಿ, ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಮೂರು ವರ್ಷದ ಕೆಲಸದ ದಾಖಲೆ ಕೇಳುತ್ತಾರೆ. ಇಷ್ಟು ಸಣ್ಣ ಮೊತ್ತಕ್ಕೆ ಅದೆಲ್ಲ ಮಾಡಿಸಿಕೊಳ್ಳುವುದು ಈ ವರ್ಷಕ್ಕೆ ಆಗದ ಮಾತು. ಒಂದೇ ಬಾಬ್ತನ್ನು ಹೊರಲು ಕೇಳಿ. "43,000 ರೂಪಾಯಿಯ ಬಸ್ ಬಾಡಿಗೆ ಮತ್ತು ಡೀಸೆಲ್, ಬಿಲ್ಲು ನಿಮ್ಮ ಹೆಸರಿಗೆ, ಹಣ ನೇರ ಬಸ್ ಮಾಲೀಕರಿಗೆ." ಹಾಗೆ ಮಾಡಿದರೆ ನಿಮ್ಮ ಕೈಗೆ ನಗದು ಬರುವುದಿಲ್ಲ, ಅವರ ಲೆಕ್ಕವೂ ಸುಲಭ. ಒಂದು ಎಚ್ಚರ: ಬಸ್ಸು ಪೂರ್ತಿ ಬೇರೆಯವರಿಂದ ಬಂದರೆ 31ರಿಂದ ಭಾಗಿಸಿದ ಪಾಲು ಬದಲಾಗುತ್ತದೆ. ಬಸ್ಸಿನ 43,000 ಕಳೆದು ಉಳಿಯುವ 95,300ನ್ನು 31ರಿಂದ ಭಾಗಿಸಿ ಎಸ್‌ಸಿಎಸ್‌ಪಿ ಪ್ರಸ್ತಾವವನ್ನೂ ತಿದ್ದಿ ಕಳಿಸಬೇಕು. ಇಲ್ಲವಾದರೆ ಒಂದೇ ಬಸ್ಸಿಗೆ ಎರಡು ಕಡೆ ಹಣ ಪಡೆದಂತೆ ಆಗುತ್ತದೆ. ಬಸ್ ಬಿಟ್ಟು ಮತ್ತೆ ಕೊರತೆ ಎಷ್ಟು ಉಳಿಯುತ್ತದೆ ಎಂದು ನೋಡಿ. 19 ಮಕ್ಕಳ ಪಾಲು ತಲೆಗೆ ಸುಮಾರು 3,075ರಂತೆ 58,425, ವಿಭಾಗದ 40,000 ಕಳೆದರೆ 18,425. ತಲೆಗೆ ಸಾವಿರವೂ ಆಗುವುದಿಲ್ಲ.

ಮನವಿ ಒಂದೇ ಪುಟದಲ್ಲಿರಲಿ. ಕೊಡುವವರಿಗೆ ಮರಳಿ ಏನು ಸಿಗುತ್ತದೆ ಅನ್ನುವುದನ್ನು ಮೊದಲ ಸಾಲುಗಳಲ್ಲೇ ಬರೆಯಿರಿ. ಏಳು ಕಟ್ಟು ಮಾದರಿಯಲ್ಲಿ ಒಂದನ್ನು ಹೆಸರು, ಸ್ಥಳ, ವಯಸ್ಸು ಬರೆದ ಪೆಟ್ಟಿಗೆಯಲ್ಲಿಟ್ಟು ಅವರು ಹೇಳಿದ ಸರ್ಕಾರಿ ಪ್ರೌಢಶಾಲೆಗೆ ಕೊಡುವುದು. ಗೊರೂರಿನ ನೈಸ್ ಶಿಲೆ 330 ಕೋಟಿ ವರ್ಷದ ಆಸುಪಾಸಿನದು. ಬೇಲೂರು ಹಳೇಬೀಡಿನ ಶಿಲ್ಪಗಳ ಬಳಪದ ಕಲ್ಲು, ಬೈರಾಪುರದ ಕ್ರೋಮೈಟ್, ಗಿರಿಯ ಕಬ್ಬಿಣದ ಪಟ್ಟೆ, ಇವು ನಾಲ್ಕೇ ಇದ್ದರೂ ಈ ಎರಡು ಜಿಲ್ಲೆಯ ಮಕ್ಕಳಿಗೆ ಕಾಲಡಿಯ ನೆಲ ಗೊತ್ತಾಗುತ್ತದೆ.

ವಿದೇಶಿ ಅನುದಾನದ ಪೈಕಿ ಭೂವಿಜ್ಞಾನದವರಿಗೆ ಹೊಂದುವುದು ಸೊಸೈಟಿ ಆಫ್ ಎಕನಾಮಿಕ್ ಜಿಯಾಲಜಿಸ್ಟ್ಸ್. ಅದರ ವಿದ್ಯಾರ್ಥಿ ಚಾಪ್ಟರ್‌ಗಳ (ಕಾಲೇಜು ಮಟ್ಟದ ಶಾಖೆಗಳ) ಕ್ಷೇತ್ರಾಧ್ಯಯನಕ್ಕೆ ಸ್ಟೀವರ್ಟ್ ವಾಲೇಸ್ ನಿಧಿಯಿಂದ ನೆರವು ಸಿಗುತ್ತದೆ. ಅದಕ್ಕೆ ಮೊದಲು ಚಾಪ್ಟರ್ ಇರಬೇಕು, ಅಧ್ಯಾಪಕ ಸಲಹೆಗಾರರು ಇರಬೇಕು. ಈ ವರ್ಷ ಚಾಪ್ಟರ್ ಕಟ್ಟಿ, ಮುಂದಿನ ವರ್ಷ ಕೇಳಿ. ಅದಿರಿನ ಅಧ್ಯಯನವೇ ಅವರಿಗೆ ಬೇಕಾದ್ದು, ಹಾಗಾಗಿ ನುಗ್ಗೇಹಳ್ಳಿ ಪಟ್ಟಿಯನ್ನು ಮುಂದಿಡಿ. ಹಣ ಬರುವ ಮೊದಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಬಗ್ಗೆ ಹಣಕಾಸು ಅಧಿಕಾರಿಯಿಂದ ಬರಹದಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ವಿದ್ಯಾರ್ಥಿಯ ಸ್ವಂತ ಖಾತೆಗೆ ವಿಭಾಗದ ಹಣ ತರಿಸುವುದು ಖಂಡಿತ ಬೇಡ.

ರೈಲು ರಿಯಾಯಿತಿಯನ್ನು ಯಾರೂ ಹೇಳಿಲ್ಲ. ಶೈಕ್ಷಣಿಕ ಪ್ರವಾಸಕ್ಕೆ ಎರಡನೇ ದರ್ಜೆ ಮತ್ತು ಸ್ಲೀಪರ್‌ನಲ್ಲಿ ಸಾಮಾನ್ಯ ವರ್ಗಕ್ಕೆ 50%, ಪರಿಶಿಷ್ಟರಿಗೆ 75%. ಕೌಂಟರಿನಲ್ಲಿ ಮಾತ್ರ, ಆನ್‌ಲೈನ್‌ನಲ್ಲಿ ಇಲ್ಲ. ಹಾಸನ ಮೈಸೂರು ವಿಭಾಗಕ್ಕೆ ಸೇರಿದ್ದು, ಅರ್ಜಿ ಅಲ್ಲಿಗೇ. ಈ ಸಣ್ಣ ದೂರಕ್ಕೆ ಅದರಿಂದ ಲಾಭವಿಲ್ಲ, ಮುಂದೆ ದೂರ ಹೋಗುವಾಗ ನೆನಪಿರಲಿ.

ಯಗಚಿ_ನೀರು

ಪರಿಸರ ವಿಜ್ಞಾನದ ಮಕ್ಕಳ ಬಗ್ಗೆ ಎರಡು ಮಾತು. ಇಂಥ ಜಂಟಿ ಅಧ್ಯಯನದಲ್ಲಿ ಅವರು ಸಾಮಾನ್ಯವಾಗಿ ಬಸ್ಸಿನಲ್ಲಿ ಕೂತು ಕಾಯುವವರಾಗುತ್ತಾರೆ.

ಅರೇಬಿಕಾ ಕೊಯ್ಲು, ಪಲ್ಪಿಂಗ್ ನವೆಂಬರ್‌ನಿಂದ ಜನವರಿವರೆಗೆ ನಡೆಯುತ್ತದೆ. ಜನವರಿ ಮೂರನೇ ವಾರ ಎಂದರೆ ಕೊನೆಯ ಸುತ್ತು. ಯಾವ ತೋಟದಲ್ಲಿ ಇನ್ನೂ ಪಲ್ಪರ್ ಓಡುತ್ತಿದೆ ಎಂದು ವಾರ ಮೊದಲು ಕೇಳಿ ಖಾತ್ರಿ ಮಾಡಿಕೊಳ್ಳಿ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಪತ್ರ ಬರೆದರೆ ಬೆಳಗಿನ ಹೊತ್ತು ಅಲ್ಲಿ, ಮಧ್ಯಾಹ್ನ ತೋಟ ಎಂದು ಹೊಂದಿಸಬಹುದು.

ಆ ಕೆಲಸವನ್ನು ಶುಕ್ರವಾರಕ್ಕೇ ಇಡಿ. ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಮಾದರಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಪ್ರಯೋಗಾಲಯ ಮುಟ್ಟಿಸಬೇಕು. ನಮ್ಮಲ್ಲಿ ಬಿಒಡಿ 27 ಡಿಗ್ರಿಯಲ್ಲಿ ಮೂರು ದಿನ. ಶುಕ್ರವಾರ ರಾತ್ರಿ ಇನ್‌ಕ್ಯುಬೇಟರಿಗೆ ಇಟ್ಟರೆ ಸೋಮವಾರ ಓದಬಹುದು. ಬುಧವಾರ ತೆಗೆದು ಎರಡು ದಿನ ಬಸ್ಸಿನಲ್ಲಿ ಸುತ್ತಿಸಿದ ನೀರಿನ ಅಂಕಿಗೆ ಅರ್ಥವಿಲ್ಲ, ಸೂಕ್ಷ್ಮಜೀವಿಗಳು ಅಷ್ಟರಲ್ಲಿ ಆಮ್ಲಜನಕವನ್ನು ತಿಂದು ಮುಗಿಸಿರುತ್ತವೆ. ಕರಗಿದ ಆಮ್ಲಜನಕಕ್ಕೆ 300 ಮಿ.ಲೀ. ಬಾಟಲಿಯಲ್ಲಿ ಗುಳ್ಳೆ ಬಾರದಂತೆ ತುಂಬಿ, ಮ್ಯಾಂಗನಸ್ ಸಲ್ಫೇಟ್ 2 ಮಿ.ಲೀ., ಕ್ಷಾರೀಯ ಅಯೊಡೈಡ್–ಅಜೈಡ್ 2 ಮಿ.ಲೀ. ಹಳ್ಳದ ದಂಡೆಯಲ್ಲೇ ಹಾಕಬೇಕು. ಪಿಪೆಟ್‌ನ ತುದಿ ನೀರಿನೊಳಗೆ ಮುಳುಗಿರಲಿ. ಕಂದು ಬಣ್ಣದ ಹಿಂಡು ಕೆಳಗಿಳಿದರೆ ಸರಿ, ಬಿಳಿಯೇ ಉಳಿದರೆ ಆಮ್ಲಜನಕ ಇಲ್ಲವೆಂದೇ ಅರ್ಥ. ಪಲ್ಪಿಂಗ್ ನೀರು ಸೇರುವ ಜಾಗದ ಮೇಲೆ ಒಂದು, ಕೆಳಗೆ ಎರಡು, ಒಟ್ಟು ಮೂರು ಕಡೆ ತೆಗೆಯಿರಿ. ಮೇಲಿನ ಮಾದರಿ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಫಲಿತಾಂಶವನ್ನು ತೋಟದವರಿಗೂ ಕೊಡುತ್ತೇವೆ ಎಂದು ಮೊದಲೇ ಹೇಳಿ, ಅವರ ಒಪ್ಪಿಗೆ ಪಡೆದೇ ಒಳಗೆ ಹೋಗಿ.

ಕೊನೆಯದು ಮುಂಗಡ. "ಈಗ ಕೈಯಿಂದ ಹಾಕಿ, ಆಮೇಲೆ ಬಿಲ್ಲು ಪಾಸಾದಾಗ ಕೊಡುತ್ತೇವೆ" ಎನ್ನುವ ಕ್ರಮವನ್ನು ದಯವಿಟ್ಟು ಬೇಡವೆನ್ನಿ. ಉಳ್ಳವರು ಹಾಕಿ ಕಾಯುತ್ತಾರೆ, ಇಲ್ಲದವರು ಸಾಲ ಮಾಡುತ್ತಾರೆ ಅಥವಾ ಜ್ವರ ಅಂತ ರಜೆ ಹಾಕುತ್ತಾರೆ. ಅಧ್ಯಾಪಕರ ಹೆಸರಲ್ಲಿ ತಾತ್ಕಾಲಿಕ ಮುಂಗಡಕ್ಕೆ ಹೊರಡುವ ಒಂದು ತಿಂಗಳು ಮೊದಲೇ ಅರ್ಜಿ ಹಾಕಿ. ಆ ಅಧ್ಯಾಪಕರ ಹಳೆಯ ಮುಂಗಡ ಯಾವುದಾದರೂ ಹೊಂದಾಣಿಕೆಯಾಗದೆ ಉಳಿದಿದ್ದರೆ ಹೊಸದು ಮಂಜೂರಾಗುವುದಿಲ್ಲ, ಅದನ್ನು ಇವತ್ತೇ ವಿಚಾರಿಸಿ.

ಹೇಮಾವತಿ_ದಂಡೆ

ವಿಚಾರಿಸಿದೆ. ಒಬ್ಬರದ್ದು ಬಾಕಿ ಇದೆ, ಇನ್ನೊಬ್ಬರದ್ದು ಇಲ್ಲ. ಮುಂಗಡ ಎರಡನೆಯವರ ಹೆಸರಲ್ಲೇ ಹೋಗುತ್ತದೆ. ಅರಣ್ಯಾಧಿಕಾರಿಗೆ 35 ಕಿಲೋ ಕೈಮಾದರಿ ಎಂದು ಬರೆದ ಪತ್ರ, ಘಟಕಕ್ಕೆ 31ರಿಂದ ಭಾಗಿಸಿದ ಪ್ರಸ್ತಾವ, ಖನಿಜ ನಿಗಮಕ್ಕೆ ಮನವಿ, ಮೂರೂ ಸೋಮವಾರ ಹೊರಡುತ್ತವೆ. ಬಸ್ಸಿನ ಮೂರು ಕೊಟೇಶನ್ ಬಂದ ಮೇಲೆ ಅಂಕಿಗಳನ್ನು ಇಲ್ಲೇ ಹಾಕುತ್ತೇನೆ, ಒಮ್ಮೆ ನೋಡಿ ಹೇಳಿ.